ಇಪ್ಪತ್ನಾಲ್ಕು ದಾಳದ ಬೀಗ

ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಒಬ್ಬ ಚಾವಿವಾಲಾ ಕೂರುತ್ತಾನೆ. ಮನೆಯ ಕೀಲಿ ಕಳೆದರೆ ಅವನನ್ನು ಕರೆತಂದರೆ ಆಯ್ತು. ತಗಡಿನ ತುಂಡೊಂದನ್ನು ಬೀಗದೊಳಗೆ ತೂರಿಸುತ್ತಾನೆ, ಹೊರಗೆ ತೆಗೆದು ಗುರುತು ನೋಡುತ್ತಾನೆ, ಅರದಿಂದ ಉಜ್ಜುತ್ತಾನೆ, ಮತ್ತೆ ತೂರಿಸುತ್ತಾನೆ. ಕಾಲು ಗಂಟೆಯಲ್ಲಿ ಬಾಗಿಲು ತೆರೆದಿರುತ್ತದೆ. ಎರಡು ಮಳೆಗಾಲದ ಹಿಂದೆ ಅವನಿಂದಲೂ ಆಗದ ಬೀಗವೊಂದು ನನಗೆ ಗಂಟುಬಿತ್ತು.

ಆಗಷ್ಟೇ ಫೋನಿಗೆ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಂಡಿದ್ದೆ. ಬ್ಯಾಂಕು, ಗ್ಯಾಸು, ಕರೆಂಟ್ ಬಿಲ್ಲು, ಮಗಳ ಶಾಲೆ, ಊರಿಗೆ ಹೋಗುವ ರೈಲಿನ ಟಿಕೆಟ್ಟು, ಎಲ್ಲದರ ಪಾಸ್‌ವರ್ಡೂ ಅದರ ಹೊಟ್ಟೆಗೆ ಹೋಯಿತು. ಅದಕ್ಕೊಂದು ಮಾಸ್ಟರ್ ಪಾಸ್‌ವರ್ಡ್ ಬೇಕಲ್ಲ. ರಾತ್ರಿ ಹನ್ನೊಂದಕ್ಕೆ ಕೂತು ಭಾರೀ ಜಾಣನಂತೆ ಮಾಡಿದೆ. ಎ ಬದಲು ಅಟ್ ಚಿಹ್ನೆ, ಐ ಬದಲು 1, ಕೊನೆಗೆ ಎರಡು ಆಶ್ಚರ್ಯಸೂಚಕ. ಮೂರು ದಿನ ಹೆಬ್ಬೆಟ್ಟು ಒತ್ತಿಯೇ ತೆರೆದೆ. ನಾಲ್ಕನೇ ದಿನ ಫೋನು ರೀಸ್ಟಾರ್ಟ್ ಆಯಿತು, ಪಾಸ್‌ವರ್ಡ್ ಟೈಪ್ ಮಾಡು ಎಂದಿತು. ಆಶ್ಚರ್ಯಸೂಚಕ ಎರಡೋ ಮೂರೋ? ಯಾವ ಎ ಬದಲಿಸಿದ್ದೆ, ಮೊದಲನೆಯದಾ ಎರಡನೆಯದಾ? ಅರ್ಧ ದಿನ ಒದ್ದಾಡಿದೆ. ಕಂಪನಿಗೆ ಬರೆದೆ. ನಿಮ್ಮ ಮಾಸ್ಟರ್ ಪಾಸ್‌ವರ್ಡ್ ನಮ್ಮ ಹತ್ತಿರ ಇಲ್ಲ, ನಾವು ತೆರೆದುಕೊಡಲು ಆಗುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು.

ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಅವರಿಗೆ ತೆರೆಯಲು ಆಗುವುದಿಲ್ಲ ಅಂದರೆ ಅವರ ಸರ್ವರ್ ಕದ್ದವನಿಗೂ ಆಗುವುದಿಲ್ಲ. ನಾನು ದುಡ್ಡು ಕೊಟ್ಟಿದ್ದು ಅದಕ್ಕೇ ಅಲ್ವಾ.

ಒಳಗೆ ನಡೆಯುವುದು ಇಷ್ಟು. ನೀವು ಟೈಪ್ ಮಾಡಿದ ಮಾಸ್ಟರ್ ಪಾಸ್‌ವರ್ಡನ್ನು ನಿಮ್ಮ ಫೋನೇ ತೆಗೆದುಕೊಂಡು ಅರೆಯುತ್ತದೆ. ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಕಾಯಿ, ಮೆಣಸು, ಉಪ್ಪು ಹಾಕಿ ರುಬ್ಬಿದರೆ ಚಟ್ನಿ. ಅದೇ ಅಳತೆ ಹಾಕಿದರೆ ಅದೇ ಚಟ್ನಿ ಬರುತ್ತದೆ. ಆದರೆ ಚಟ್ನಿಯಿಂದ ಕಾಯಿ ವಾಪಸ್ ತೆಗೆಯಲು ಯಾವ ಭಟ್ಟರಿಂದಲೂ ಆಗುವುದಿಲ್ಲ. ಹೀಗೆ ಅರೆದು ಬಂದದ್ದೇ ಕೀಲಿ. ನಿಮ್ಮ ಬಾಕಿ ಪಾಸ್‌ವರ್ಡುಗಳ ಪೆಟ್ಟಿಗೆಗೆ ಬೀಗ ಬೀಳುವುದು ಆ ಕೀಲಿಯಿಂದ. ಕಂಪನಿಯ ಸರ್ವರಿಗೆ ಹೋಗುವುದು ಬೀಗ ಬಿದ್ದ ಪೆಟ್ಟಿಗೆ, ಕೀಲಿ ಅಲ್ಲ.

ಅರೆಯುವುದನ್ನು ಬೇಕೆಂದೇ ನಿಧಾನ ಮಾಡಿದ್ದಾರೆ. ಪಿಬಿಕೆಡಿಎಫ್2 ಎಂಬ ವಿಧಾನದಲ್ಲಿ ಈಗ ಬಿಟ್‌ವಾರ್ಡನ್‌ನಂಥ ಮ್ಯಾನೇಜರುಗಳು 6 ಲಕ್ಷ ಸುತ್ತು ರುಬ್ಬುತ್ತವೆ. ನಿಮಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕಳ್ಳನಿಗೆ ಹಾಗಲ್ಲ, ಅವನು ಪ್ರತಿ ಊಹೆಗೂ 6 ಲಕ್ಷ ಸುತ್ತು ರುಬ್ಬಬೇಕು. 2015ರಲ್ಲಿ ಪಾಸ್‌ವರ್ಡ್ ಅರೆಯುವ ವಿಧಾನಗಳಿಗೇ ಒಂದು ಸ್ಪರ್ಧೆ ಮುಗಿಯಿತು. ಅದರಲ್ಲಿ ಗೆದ್ದ ಆರ್ಗಾನ್2 ಇನ್ನೂ ಚಾಲಾಕಿ. ಅದು ಸಮಯದ ಜೊತೆಗೆ ಜಾಗವನ್ನೂ ಕೇಳುತ್ತದೆ. ಒಂದೊಂದು ಊಹೆಗೂ 64 ಎಂಬಿಯಷ್ಟು ಮೆಮೊರಿ ಬಿಟ್ಟುಕೊಡು ಅನ್ನುತ್ತದೆ. ಏಕಕಾಲಕ್ಕೆ ಸಾವಿರ ಊಹೆ ಮಾಡಹೊರಟವನಿಗೆ ಸಾವಿರ ಖೋಲಿ, ಅಂದರೆ ಸಾವಿರ ಕೋಣೆ ಬೇಕು. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಂಗತಿ ನಮ್ಮ ಕೈಯಲ್ಲೇ ಉಳಿಯುತ್ತದೆ. ಅರೆಯಲು ಹಾಕಿದ್ದು ಊಹೆಗೆ ಸಿಗುವಂಥದ್ದಾದರೆ 6 ಲಕ್ಷ ಸುತ್ತಿನಿಂದಲೂ ಏನೂ ಆಗುವುದಿಲ್ಲ. 2022ರಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ನಡೆಸುವ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಪೆಟ್ಟಿಗೆಗಳ ಬ್ಯಾಕಪ್ಪೇ ಕಳುವಾಯಿತು. ಡಿಸೆಂಬರಿನಲ್ಲಿ ಕಂಪನಿಯೇ ಅದನ್ನು ಹೇಳಿಕೊಂಡಿತು. ಹಳೆಯ ಕೆಲವು ಖಾತೆಗಳಲ್ಲಿ ಅರೆಯುವ ಸುತ್ತು 5,000 ಮಾತ್ರ ಇತ್ತು. ಪೆಟ್ಟಿಗೆ ಕಳ್ಳನ ಮನೆಯಲ್ಲೇ ಕೂತಿದ್ದರೆ ಓಟಿಪಿ ಉಪಯೋಗಕ್ಕೆ ಬರುವುದಿಲ್ಲ, ಮೂರು ಸಲ ತಪ್ಪಿದರೆ ಲಾಕ್ ಆಗುವ ವ್ಯವಸ್ಥೆಯೂ ಇರುವುದಿಲ್ಲ. ಅವನು ತನ್ನ ಮನೆಯಲ್ಲಿ, ತನ್ನ ಮೆಷಿನ್ನಿನಲ್ಲಿ, ಪುರುಸೊತ್ತಾಗಿ ಊಹಿಸುತ್ತಾ ಇರಬಹುದು. ಆಗ ಅಡ್ಡ ನಿಲ್ಲುವುದು ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಒಂದೇ.

ಹಾಗಾದರೆ ಊಹಿಸಲಾಗದ್ದನ್ನು ಯೋಚಿಸಿದರೆ ಆಯ್ತಲ್ಲ? ಯೋಚಿಸಿದರೆ ಆಗುವುದಿಲ್ಲ. ಅಲ್ಲೇ ಇರುವುದು ಎಡವಟ್ಟು.

ನಮ್ಮ ಕಡೆಯ ಕನ್ನಡ ಸಂಘದಲ್ಲಿ ಒಂದು ಭಾನುವಾರ ಈ ವಿಷಯ ಹೇಳಲು ಕರೆದಿದ್ದರು. ಮೂವತ್ತು ಜನ ಇದ್ದರು, ಜಾಸ್ತಿ ಹಿರಿಯರೇ. ಪಾಸ್‌ವರ್ಡ್ ಹೇಳಬೇಡಿ, ಸುಮ್ನೆ ಕೈ ಎತ್ತಿ ಎಂದೆ. ಮೊದಲ ಅಕ್ಷರ ಮಾತ್ರ ದೊಡ್ಡದು ಮಾಡಿದವರು? ಕೋಣೆ ತುಂಬ ಕೈ. ಅಂಕೆಗಳನ್ನು ಕೊನೆಯಲ್ಲಿ ಹಾಕಿದವರು? ಯಾರ ಕೈಯೂ ಇಳಿಯಲಿಲ್ಲ. ಆ ಅಂಕೆ ಹುಟ್ಟಿದ ಇಸವಿಯೋ, ಮದುವೆಯ ಇಸವಿಯೋ, ಒಂದು ಎರಡು ಮೂರೋ ಆಗಿದ್ದರೆ? ಈ ಸಲ ಕೈಯ ಜೊತೆ ನಗುವೂ ಎದ್ದಿತು. ಹಿಂದಿನ ಸಾಲಿನಲ್ಲಿದ್ದ ಹೋಟೆಲಿನವರೊಬ್ಬರು ಮಾತ್ರ ನನ್ನದು ಯಾರಿಗೂ ಸಿಗುವುದಿಲ್ಲ, ನಮ್ಮ ಊರಿನ ದೈವದ ಹೆಸರು ಎಂದರು. ಪಕ್ಕದಲ್ಲಿ ಕೂತಿದ್ದ ಅವರ ಭಾವ ತಕ್ಷಣ ಆ ದೈವದ ಹೆಸರು ಹೇಳಿದರು.

ಕಳ್ಳರಿಗೆ ಈ ಅಭ್ಯಾಸಗಳೆಲ್ಲ ಬಾಯಿಪಾಠ. 2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡುಗಳು ಇದ್ದ ಹಾಗೇ ಹೊರಗೆ ಬಿದ್ದವು. ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ಇಟ್ಟುಕೊಂಡಿದ್ದದ್ದು ಒಂದರಿಂದ ಆರರವರೆಗಿನ ಅಂಕೆಗಳನ್ನು. ಮನುಷ್ಯರು ಪಾಸ್‌ವರ್ಡ್ ಹೇಗೆ ಕಟ್ಟುತ್ತಾರೆ ಎಂದು ಕಲಿಯಲು ಅದೇ ಪಠ್ಯಪುಸ್ತಕವಾಯಿತು. ಎ ಬದಲು ಅಟ್ ಚಿಹ್ನೆ ಹಾಕುವುದು ಅದರ ಮೊದಲನೇ ಪಾಠ. ನನ್ನ ಜಾಣತನದ ಬೆಲೆ ಅಷ್ಟೇ.

ಈ ದೊಡ್ಡಕ್ಷರ, ಅಂಕೆ, ಚಿಹ್ನೆಗಳ ಕಾಟದ ಹಿಂದೆ 2003ರ ಒಂದು ಅಮೆರಿಕನ್ ಸರ್ಕಾರಿ ದಾಖಲೆ ಇದೆ. ಅಲ್ಲಿನ ಮಾನದಂಡ ಸಂಸ್ಥೆ ನಿಸ್ಟ್‌ಗಾಗಿ ಬಿಲ್ ಬರ್ ಎಂಬುವವರು ಬರೆದದ್ದು. 2017ರಲ್ಲಿ, ನಿವೃತ್ತರಾದ ಮೇಲೆ, ಆ ಸಲಹೆಗಳಲ್ಲಿ ಬಹಳಷ್ಟರ ಬಗ್ಗೆ ಈಗ ಪಶ್ಚಾತ್ತಾಪ ಇದೆ ಎಂದು ಅವರೇ ಪತ್ರಿಕೆಗೆ ಹೇಳಿದರು. ಅದೇ ವರ್ಷ ನಿಸ್ಟ್ ಹೊಸ ಮಾರ್ಗದರ್ಶಿ ತಂದು ಚಿಹ್ನೆಯ ಕಡ್ಡಾಯವನ್ನೂ, ಇಷ್ಟು ದಿನಕ್ಕೊಮ್ಮೆ ಬದಲಿಸಿ ಎನ್ನುವುದನ್ನೂ ಕೈಬಿಟ್ಟಿತು. ನಮ್ಮ ಆಫೀಸುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈಗ ಒಂದು ಲೆಕ್ಕ. ಕಳ್ಳನ ಹತ್ತಿರ ಹತ್ತಾರು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇವೆ, ಅಷ್ಟೆಲ್ಲ ಅರೆಯುವ ಕಷ್ಟ ಇದ್ದರೂ ಅವನು ಸೆಕೆಂಡಿಗೆ 10 ಲಕ್ಷ ಊಹೆ ಮಾಡುತ್ತಾನೆ ಅಂತ ಹಿಡಿಯೋಣ. ಲೋಕಲ್ ಸ್ಟೇಷನ್ನಿನ ಹೆಸರು, ಒಂದು ಚಿಹ್ನೆ, ಒಂದು ಇಸವಿ, ಇದು ಮುಂಬಯಿಯವರ ಮಾಮೂಲಿ ಪಾಸ್‌ವರ್ಡ್. ಸ್ಟೇಷನ್ನು 150 ಅನ್ನಿ, ಚಿಹ್ನೆ 10, ಇಸವಿ 100. ಗುಣಿಸಿದರೆ ಒಂದೂವರೆ ಲಕ್ಷ. ಒಂದು ಸೆಕೆಂಡಿನ ಆರನೇ ಒಂದು ಭಾಗದಲ್ಲಿ ಮುಗಿಯಿತು.

ಗಾದೆಮಾತು ಹಾಕಿದರೆ ಉದ್ದ ಇರುತ್ತದಲ್ಲ ಎಂದು ಸಂಘದಲ್ಲಿ ಒಬ್ಬರು ಕೇಳಿದರು. ಉದ್ದ ಇರುತ್ತದೆ, ಹೌದು. ಆದರೆ ಕನ್ನಡದ ಗಾದೆಗಳನ್ನೆಲ್ಲ ಒಟ್ಟು ಮಾಡಿದರೂ ಲೆಕ್ಕ ಸಾವಿರಗಳಲ್ಲೇ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಥರ ಬರೆದರೂ ಲೆಕ್ಕ ಕೆಲವು ಲಕ್ಷ ದಾಟುವುದು ಕಷ್ಟ. ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ, ಗಣಪತಿ ಶ್ಲೋಕ, ಇವೆಲ್ಲಕ್ಕೂ ಇದೇ ಗತಿ. ನಿಮಗೆ ಬಾಯಿಗೆ ಬರುವುದು ಇನ್ನೊಬ್ಬರಿಗೂ ಬರುತ್ತದೆ.

ದಾರಿ ಎಂದರೆ ನಾವು ಆರಿಸದೆ ಇರುವುದು. ದಾಳ ಆರಿಸಲಿ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬುವವರು ಡೈಸ್‌ವೇರ್ ಎಂಬ ಉಪಾಯ ಹೇಳಿದರು. 7,776 ಪದಗಳ ಪಟ್ಟಿ. ಐದು ದಾಳ ಎಸೆದರೆ ಐದು ಅಂಕೆ, ಆ ಅಂಕೆಯ ಎದುರಿನ ಪದ ನಿಮ್ಮದು. 7,776 ಯಾಕೆ ಅಂದರೆ ಆರನ್ನು ಐದು ಸಲ ಗುಣಿಸಿದರೆ ಅಷ್ಟೇ ಬರುವುದು. 2016ರಲ್ಲಿ ಇಎಫ್‌ಎಫ್ ಎಂಬ ಸಂಸ್ಥೆ ಓದಲು ಸುಲಭವಾದ ಇನ್ನೊಂದು ಪಟ್ಟಿ ಮಾಡಿತು. ಎರಡೂ ಇಂಗ್ಲಿಷಿನವು.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಅಳತೆಗೋಲು. ಪಾಸ್‌ವರ್ಡಿನ ಬಲವನ್ನು ಅಕ್ಷರದಲ್ಲಿ ಎಣಿಸಬೇಡಿ, ದಾಳದಲ್ಲಿ ಎಣಿಸಿ. ಒಂದು ದಾಳ ಜಾಸ್ತಿ ಎಸೆದರೆ ಕಳ್ಳನ ಊಹೆ ಆರು ಪಟ್ಟಾಗುತ್ತದೆ. ಮೇಲಿನ ಕಳ್ಳನಿಗೆ 10 ದಾಳದ ಪಾಸ್‌ವರ್ಡ್ ಒಂದು ನಿಮಿಷದ ಕೆಲಸ. 15 ದಾಳಕ್ಕೆ ಐದೂವರೆ ದಿನ. 20 ದಾಳಕ್ಕೆ 116 ವರ್ಷ. 25 ದಾಳಕ್ಕೆ 9 ಲಕ್ಷ ವರ್ಷ. ಇದು ಕೊನೆಯ ಊಹೆಯವರೆಗಿನ ಲೆಕ್ಕ, ಸರಾಸರಿ ಇದರ ಅರ್ಧ ಎಂದುಕೊಳ್ಳಿ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕಣ್ಣುಮುಚ್ಚಿ ಆರಿಸಿದರೂ ಅದು ಹದಿನಾಲ್ಕೂವರೆ ದಾಳ, ಎರಡೂವರೆ ದಿನಕ್ಕೆ ಒಡೆಯುತ್ತದೆ. 20 ಸಾಕಲ್ಲ ಅನ್ನಿಸಬಹುದು. ಆದರೆ ಕಳ್ಳ ಇದರ ಸಾವಿರ ಪಟ್ಟು ಮೆಷಿನ್ ತಂದರೆ ಆ 116 ವರ್ಷ ಒಂದೂವರೆ ತಿಂಗಳಾಗುತ್ತದೆ. ಅದಕ್ಕೇ 24, 25ರ ಹತ್ತಿರ ನಿಲ್ಲುವುದು ಕ್ಷೇಮ.

ದಾಳದಲ್ಲಿ ಎಣಿಸಲು ಶುರುಮಾಡಿದರೆ ಇಂಗ್ಲಿಷ್ ಪಟ್ಟಿಯ ಹಂಗೂ ತಪ್ಪುತ್ತದೆ. 7,776 ಪದ ಬರೆಯಲು ನಮಗೆ ಪುರುಸೊತ್ತಿಲ್ಲ, ಸರಿ. 216 ಬರೆಯಬಹುದಲ್ಲ? ಆರು ಆರಲಿ ಮೂವತ್ತಾರು, ಮೂವತ್ತಾರು ಆರಲಿ 216. ಮೂರು ದಾಳಕ್ಕೆ ಒಂದು ಪದ. ಎಂಟು ಪದ ಆರಿಸಿದರೆ 24 ದಾಳ. ಮೇಲಿನ ಕಳ್ಳನಿಗೆ ಒಂದೂವರೆ ಲಕ್ಷ ವರ್ಷ, ಸಾವಿರ ಪಟ್ಟಿನವನಿಗೆ 150 ವರ್ಷ. ಪದ ಎಂಟಾಯಿತು ನಿಜ, ಆದರೆ ಎಂಟೂ ನಮ್ಮವೇ.

ನಮ್ಮ ಮನೆಯ ಪಟ್ಟಿ ಒಂದು ಮಳೆಯ ಭಾನುವಾರ ತಯಾರಾಯಿತು. ಲೋಕಲ್ ನಿಂತಿತ್ತು, ಎಲ್ಲೂ ಹೋಗುವ ಹಾಗಿರಲಿಲ್ಲ. ಮಗಳ ಹಳೇ ಲೆಕ್ಕದ ಪುಸ್ತಕದಲ್ಲಿ ಒಂದು-ಒಂದು-ಒಂದರಿಂದ ಆರು-ಆರು-ಆರರವರೆಗೆ ಗೆರೆ ಹಾಕಿದೆವು. ಹೆಂಡತಿ ಅಡುಗೆಮನೆ ಹಿಡಿದಳು: ಜರಡಿ, ಬಸಳೆ, ಇಕ್ಕಳ, ಹಲಸು. ಮಗಳು ಪ್ರಾಣಿ, ಪಕ್ಷಿ. ನಾನು ರಸ್ತೆಯದ್ದು: ಟಿಕೀಟು, ಖೋಲಿ, ಛತ್ರಿ, ಗಂಟೆ. ನಮ್ಮ ಮನೆಯಲ್ಲಿ ತುಳು, ಕನ್ನಡ, ಮರಾಠಿ, ಹಿಂದಿ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುವುದರಿಂದ ಪಟ್ಟಿಯೂ ಹಾಗೇ ಆಯಿತು. ಕಣ್ಣಿಗೆ ಕಾಣುವ ವಸ್ತುಗಳನ್ನೇ ಹಾಕಿದೆವು. ‘ಆದರೆ’, ‘ಯೋಚನೆ’ಯಂಥವು ನೆನಪಿನಲ್ಲಿ ನಿಲ್ಲುವುದಿಲ್ಲ.

ಲೂಡೋ ಡಬ್ಬಿಯಿಂದ ದಾಳ ತೆಗೆದು ಎಸೆದೆವು. ಎರಡು-ಐದು-ಒಂದು: ಜರಡಿ. ನಾಲ್ಕು-ನಾಲ್ಕು-ಆರು: ಎಮ್ಮೆ. ಹೀಗೆ ಎಂಟು ಪದ: ಜರಡಿ, ಎಮ್ಮೆ, ಬಸಳೆ, ಟಿಕೀಟು, ಗಂಟೆ, ಹಲಸು, ಖೋಲಿ, ನವಿಲು. ನೆನಪಿಗೆ ಮಗಳೇ ಕತೆ ಕಟ್ಟಿದಳು. ಜರಡಿಯಲ್ಲಿ ಕೂತ ಎಮ್ಮೆ ಬಸಳೆ ಕೊಟ್ಟು ಟಿಕೀಟು ತೆಗೆಯಿತು, ಗಂಟೆ ಬಾರಿಸಿದ್ದೇ ಹಲಸು ಖೋಲಿಯೊಳಗೆ ಬಂದು ನವಿಲಾಯಿತು. ಇದು ಆಟಕ್ಕೆ ಎಸೆದದ್ದು. ಇಲ್ಲಿ ಅಚ್ಚಾಗಿದೆಯಲ್ಲ, ಇನ್ನು ಯಾರೂ ಮುಟ್ಟಬೇಡಿ. ನಿಜವಾದದ್ದನ್ನು ರಾತ್ರಿ ಒಬ್ಬನೇ ಕೂತು ಎಸೆದೆ.

ಆ ಪಟ್ಟಿ ಈಗ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ಕಳ್ಳನಿಗೆ ಸಿಕ್ಕರೂ ಚಿಂತೆ ಇಲ್ಲ, ಮೇಲಿನ ಲೆಕ್ಕವನ್ನೆಲ್ಲ ಪಟ್ಟಿ ಅವನ ಕೈಯಲ್ಲಿದೆ ಎಂದೇ ಮಾಡಿದ್ದು. ಬೀಗ ಹೇಗೆ ಮಾಡಿದ್ದು ಎಂದು ಶತ್ರುವಿಗೆ ಗೊತ್ತಿದ್ದರೂ ಕೀಲಿ ಸಿಗದೆ ತೆರೆಯಬಾರದು ಎಂಬ ಮಾತನ್ನು ಗುಪ್ತಲಿಪಿಯ ಪಂಡಿತ ಆಗಸ್ಟ್ ಕೆರ್ಕಾಫ್ಸ್ 1883ರಲ್ಲೇ ಬರೆದಿದ್ದರು. ಗುಟ್ಟು ಇರಬೇಕಾದದ್ದು ನಿಮ್ಮ ದಾಳ ಹೇಗೆ ಬಿತ್ತು ಎನ್ನುವುದರಲ್ಲಿ. ಕನ್ನಡ ಪದ ಕಳ್ಳರಿಗೆ ಗೊತ್ತಿರುವುದಿಲ್ಲ ಎಂಬ ನೆಚ್ಚಿಕೆಯೂ ಬೇಡ. ಗೊತ್ತಿಲ್ಲದಿದ್ದರೆ ಲಾಭ ಅಂದುಕೊಳ್ಳಿ, ಅಷ್ಟೇ.

ಇಲ್ಲಿ ಜನ ಎಡವುವ ಜಾಗ ಒಂದಿದೆ. ದಾಳ ಬಿದ್ದ ಮೇಲೆ ಕೈ ತುರಿಸುತ್ತದೆ. ಈ ಪದ ಚೆನ್ನಾಗಿಲ್ಲ, ಇನ್ನೊಂದು ಸಲ ಎಸೆಯೋಣ ಅನ್ನಿಸುತ್ತದೆ. ಕತೆ ಸರಿ ಕೂರಲಿ ಎಂದು ಪದಗಳನ್ನು ಹಿಂದೆ ಮುಂದೆ ಮಾಡುವ ಆಸೆಯಾಗುತ್ತದೆ. ಎಂಟು ಪದಗಳನ್ನು ಇಷ್ಟಬಂದ ಹಾಗೆ ಜೋಡಿಸಿದರೆ ಹೆಚ್ಚೆಂದರೆ ಆರು ದಾಳದಷ್ಟು ಬಲ ಸೋರಿಹೋಗಬಹುದು. 24 ಎಸೆದು 18 ಉಳಿಸಿಕೊಂಡ ಹಾಗೆ. ಒಂದೇ ಪದ ಎರಡು ಸಲ ಬಂದರೂ ಹಾಗೇ ಬಿಡಿ. ಇನ್ನು ಅಜ್ಜಿಯ ಕಾಲದ ಕವಡೆ ಇದೆ, ಅದನ್ನೇ ಎಸೆಯೋಣ ಎನ್ನಬೇಡಿ. ಕವಡೆ ಬೋರಲು ಬೀಳುವುದಕ್ಕೂ ಅಂಗಾತ ಬೀಳುವುದಕ್ಕೂ ಸಮ ಅವಕಾಶ ಇರುವುದಿಲ್ಲ. ಚೌಕಾಬಾರಕ್ಕೆ ಅದರಲ್ಲೇ ರುಚಿ, ಇಲ್ಲಿ ಅದೇ ದೋಷ. ಲೂಡೋ ದಾಳ ಸಾಕು. ಶಕುನಿಯದ್ದಲ್ಲದಿದ್ದರೆ ಆಯ್ತು.

ಕನ್ನಡ ಪದ ಅಂದೆ, ಆದರೆ ಕನ್ನಡ ಲಿಪಿಯಲ್ಲಿ ಟೈಪ್ ಮಾಡಬೇಡಿ. ಇದನ್ನು ಹೇಳಲು ನನಗೇ ಬೇಜಾರು. ಕಾರಣ ಇದೆ. ಕಂಪ್ಯೂಟರಿನೊಳಗೆ ‘ಕೋ’ ಎಂಬ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಒತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಅರೆಯುವ ಕಲ್ಲಿಗೆ ಮಾತ್ರ ಅವು ಬೇರೆ ಬೇರೆ. ಕೆಲವು ಸಾಫ್ಟ್‌ವೇರ್ ಎರಡನ್ನೂ ಒಂದು ಮಾಡಿಕೊಂಡು ಮುಂದೆ ಹೋಗುತ್ತವೆ, ಎಲ್ಲವೂ ಹಾಗೆ ಮಾಡುತ್ತವೆ ಎಂದು ನಂಬಿ ಕೂರುವ ಹಾಗಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಕನ್ನಡ ಕೀಬೋರ್ಡ್ ಇಲ್ಲದಿದ್ದರೆ ಅದು ಬೇರೆ ಪಾಡು. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಬರೆಯಿರಿ, ನಡುವೆ ಒಂದು ಸ್ಪೇಸ್. ‘ಹಾಲು’ವಿಗೆ ಎ ಒಂದೋ ಎರಡೋ ಎಂಬ ಜಗಳವನ್ನು ಪಟ್ಟಿ ಬರೆಯುವಾಗಲೇ ಮುಗಿಸಿ. ಪದದ ಪಕ್ಕದಲ್ಲೇ ಅದರ ಸ್ಪೆಲಿಂಗ್ ಇರಲಿ.

ಮೊದಲ ವಾರ ಹೆಬ್ಬೆಟ್ಟನ್ನು ಬಂದ್ ಮಾಡಿ, ದಿನಕ್ಕೆ ನಾಲ್ಕು ಸಲ ಟೈಪ್ ಮಾಡಿ. ನನ್ನ ಹಾಗೆ ಆಗುವುದು ಬೇಡ. ಬೆರಳಿಗೆ ಅಭ್ಯಾಸವಾದ ಮೇಲೆ ಹೆಬ್ಬೆಟ್ಟು ಇರಲಿ, ಅದು ಬೇಕು ಕೂಡ. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ನಿಮ್ಮ ಫೋನಿನ ಪರದೆಯನ್ನು ಕನಿಷ್ಠ ನಾಲ್ಕು ಜನ ಓದುತ್ತಿರುತ್ತಾರೆ. ಅಲ್ಲಿ ಎಂಟು ಪದ ಟೈಪ್ ಮಾಡುವುದು, ಸ್ಟೇಷನ್ನಿನ ಮೈಕಿನಲ್ಲಿ ಹೇಳುವುದು, ಎರಡೂ ಒಂದೇ. ಆದರೆ ವಾರಕ್ಕೊಮ್ಮೆ ಮನೆಯಲ್ಲಿ ಟೈಪ್ ಮಾಡುವುದನ್ನು ಬಿಡಬೇಡಿ.

ಈ ಪಾಸ್‌ವರ್ಡನ್ನು ಬೇರೆ ಎಲ್ಲೂ ಬಳಸಬಾರದು, ಇಮೇಲಿಗೂ ಬೇಡ. ಬ್ರೌಸರಿನಲ್ಲಿ ಉಳಿಸಬೇಡಿ, ನಿಮಗೆ ನೀವೇ ವಾಟ್ಸಾಪ್ ಮಾಡಿಕೊಳ್ಳಬೇಡಿ. ಅನುಮಾನ ಬಂದರೆ ಮಾತ್ರ ಬದಲಿಸಿ. ಪೆಟ್ಟಿಗೆಯೇ ಕಳುವಾಗಿದೆ ಎಂದು ಸುದ್ದಿ ಬಂದರೆ ಮಾಸ್ಟರ್ ಬದಲಿಸುವುದಷ್ಟೇ ಸಾಲದು. ಕದ್ದ ಪ್ರತಿ ಹಳೆಯ ಪಾಸ್‌ವರ್ಡಿಗೇ ತೆರೆಯುತ್ತದೆ. ಒಳಗಿರುವ ಬ್ಯಾಂಕು, ಇಮೇಲುಗಳ ಪಾಸ್‌ವರ್ಡುಗಳನ್ನೇ ಒಂದೊಂದಾಗಿ ಬದಲಿಸಬೇಕು. 1ಪಾಸ್‌ವರ್ಡ್ ಎಂಬ ಮ್ಯಾನೇಜರ್ ನಿಮ್ಮ ಪಾಸ್‌ವರ್ಡಿನ ಜೊತೆ ತಾನೇ ಮಾಡಿದ ಇನ್ನೊಂದು ಉದ್ದದ ಕೀಲಿಯನ್ನೂ ಸೇರಿಸಿ ಅರೆಯುತ್ತದೆ. ಅಂಥಲ್ಲಿ ಸರ್ವರ್ ಕಳ್ಳನಿಗೆ ಕೆಲಸ ಇನ್ನೂ ಕಷ್ಟ. ಆ ಕೀಲಿಯ ಕಾಗದವನ್ನು ಕಾಪಾಡುವ ಕೆಲಸ ಮಾತ್ರ ನಿಮ್ಮ ತಲೆಗೆ ಬರುತ್ತದೆ.

ಕಾಗದದ ಮೇಲೆ ಬರೆದಿಡಬಾರದು ಎಂದು ನಮಗೆಲ್ಲ ಹೆದರಿಸಿಟ್ಟಿದ್ದಾರೆ. ಆಫೀಸಿನ ಮಾನಿಟರಿಗೆ ಅಂಟಿಸುವ ಚೀಟಿಗೆ ಆ ಮಾತು ಸರಿ. ಮಾಸ್ಟರ್ ಪಾಸ್‌ವರ್ಡನ್ನು ಬರೆದೇ ಇಡಬೇಕು ಎನ್ನುತ್ತೇನೆ ನಾನು. ಯಾವುದೋ ದೇಶದಲ್ಲಿ ಕೂತ ಕಳ್ಳ ನಿಮ್ಮ ಗೋದ್ರೆಜ್ ಕಪಾಟಿಗೆ ಕೈ ಹಾಕಲಾರ. ನೀವು ಮರೆಯುವುದು, ಆಸ್ಪತ್ರೆ ಸೇರುವುದು, ಇಲ್ಲವಾಗುವುದು ಅದಕ್ಕಿಂತ ಹತ್ತಿರದ ಸಂಗತಿ. ಮನೆಯವರಿಗೆ ಆಗ ಬ್ಯಾಂಕಿನ ಹೆಸರಾದರೂ ಗೊತ್ತಾಗಬೇಕು. ಚಿಹ್ನೆಗಳ ಸರ್ಕಸ್ ಇಲ್ಲದ ಎಂಟು ಪದವನ್ನು ಯಾರು ಬೇಕಾದರೂ ಓದಿ ಟೈಪ್ ಮಾಡಬಹುದು. ಫೋಟೋ ಮಾತ್ರ ತೆಗೆಯಬೇಡಿ, ಅದು ನೇರ ಕ್ಲೌಡಿಗೆ ಹೋಗಿ ಕೂರುತ್ತದೆ.

ಪ್ರತಿ ಎರಡಿರಲಿ, ಎರಡು ಊರಿನಲ್ಲಿರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವರಿಗೆ ನೆಲಮಹಡಿಯ ಕಪಾಟಿನ ಕಾಗದಗಳ ಗತಿ ಹೇಳಬೇಕಾಗಿಲ್ಲ. ನನ್ನ ಒಂದು ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ ಇಲ್ಲೇ ಇದೆ. ಇನ್ನೊಂದು ಕಳೆದ ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲಿನಲ್ಲಿ ನನ್ನ ಜೊತೆ ಊರಿಗೆ ಹೋಯಿತು. ಲಕೋಟೆಗೆ ಅಂಟು ಹಾಕಿ ಅಮ್ಮನ ಕೈಗೆ ಕೊಟ್ಟೆ, ಸೀರೆ ಪೆಟ್ಟಿಗೆಯ ತಳದಲ್ಲಿಡು, ಮುಖ್ಯವಾದ ಕಾಗದ ಎಂದೆ.

ಹದಿನೈದು ದಿನಕ್ಕೆ ಫೋನ್ ಬಂತು. ಮುಖ್ಯವಾದದ್ದು ಅಂದೆಯಲ್ಲ, ಏನು ಅಂತ ನೋಡೋಣ ಎಂದು ತೆರೆದೆ, ಇದು ಸಾಮಾನಿನ ಚೀಟಿಯಲ್ವಾ, ಮೂರನೆಯದು ನಮ್ಮ ಅಂಗಡಿಯಲ್ಲಿ ಸಿಗುವುದಿಲ್ಲ, ಮೂಡುಬಿದಿರೆಗೆ ಹೋಗಬೇಕು, ತರಿಸಲಾ ಎಂದು ಕೇಳಿದಳು. ಬೇಡ ಅಮ್ಮಾ, ಹಾಗೇ ಮಡಚಿ ಇಡು ಎಂದೆ. ಸರಿ, ಆದರೆ ಎಲ್ಲ ಬರೆದುಕೊಂಡೆಯಾ ನೋಡು ಎಂದವಳೇ, ಮೊದಲನೆಯದರಿಂದ ಗಟ್ಟಿಯಾಗಿ ಓದಲು ಶುರುಮಾಡಿದಳು. ಫೋನ್ ಸ್ಪೀಕರಿನಲ್ಲಿತ್ತು.